ಘಟ್ಟದ ಹಾದಿಯೂ ನಮ್ಮ ವಿಶ್ವಾಸವೂ

(ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಒಂಬತ್ತು ದಿನಗಳ ಪ್ರಾರ್ಥನೆಯ ಏಳನೆಯ ಸಂಜೆ, ಶ್ರೀರಂಗಪಟ್ಟಣ ಯಾತ್ರೆಯ ಮುನ್ನಾದಿನ, ಧರ್ಮಕೇಂದ್ರದ ಗುರುಗಳು ನೀಡಿದ ಭಾಷಣ)



ನಾಳೆ ಮುಂಜಾನೆ ಈ ದೇವಾಲಯದ ಅಂಗಳದಿಂದ ಮೂರು ಬಸ್ಸುಗಳು ಹೊರಟು ಚಾರ್ಮಾಡಿ ಘಟ್ಟವನ್ನು ಹತ್ತಿ, ಮೂಡಿಗೆರೆ, ಬೇಲೂರು, ಹಾಸನಗಳ ಮಾರ್ಗವಾಗಿ ಶ್ರೀರಂಗಪಟ್ಟಣವನ್ನು ಸೇರಲಿವೆ. ನಮ್ಮ ಪೂರ್ವಜರು 1784ರಿಂದ 1799ರವರೆಗೆ ಸೆರೆಯಲ್ಲಿದ್ದ ಸ್ಥಳವನ್ನು ಕಣ್ಣಾರೆ ಕಂಡು, ಅಲ್ಲಿ ಮಡಿದವರ ಆತ್ಮಗಳಿಗಾಗಿ ಈ ನವೆಂಬರ್ ಮಾಸದಲ್ಲಿ ಬಲಿಪೂಜೆಯನ್ನು ಅರ್ಪಿಸಿ ಬರಬೇಕೆಂಬುದು ಶತಮಾನೋತ್ಸವ ಸಮಿತಿಯ ತೀರ್ಮಾನ. ಹೊರಡುವ ಮುನ್ನ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ನಮ್ಮನ್ನು ಕೇಳಿಕೊಂಡರು. ಹೊದಿಕೆ, ಬುತ್ತಿ, ವಾಂತಿಯ ಮಾತ್ರೆ ಇವುಗಳ ವಿಷಯವನ್ನಷ್ಟೇ ಹೇಳಿ ಮುಗಿಸುವೆವೆಂದು ಅವರು ಭಾವಿಸಿದ್ದಿರಬಹುದು. ಅದನ್ನೂ ಹೇಳುವೆವು. ಆದರೆ ಬೆಟ್ಟಗಳ ನಡುವಿನ ಪಯಣವು ಮನುಷ್ಯನಲ್ಲಿ ದೈವವಿಶ್ವಾಸವನ್ನು ಹೇಗೆ ಹುಟ್ಟಿಸುತ್ತದೆ, ಅಥವಾ ಹುಟ್ಟಿಸುತ್ತದೆಯೇ ಎಂಬ ಪ್ರಶ್ನೆ ನಮ್ಮನ್ನು ಮೂವತ್ತು ವರ್ಷಗಳಿಗೂ ಮೀರಿ ಹಿಂಬಾಲಿಸಿದೆ; ಈ ಧರ್ಮಕೇಂದ್ರಕ್ಕೆ ಬಂದ ಮೇಲಂತೂ ಅದು ಬರಿಯ ಪ್ರಶ್ನೆಯಾಗಿ ಉಳಿದಿಲ್ಲ. ಆದುದರಿಂದ ತಾವು ತಾಳ್ಮೆಯಿಂದ ಆಲಿಸಬೇಕಾಗಿ ಪ್ರಾರ್ಥನೆ.

ಸೃಷ್ಟಿಯನ್ನು ಕಂಡು ಸೃಷ್ಟಿಕರ್ತರನ್ನು ಅರಿಯಬಹುದೆಂಬುದು ಧರ್ಮಸಭೆಯ ಪುರಾತನ ಬೋಧನೆ. ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯದಲ್ಲಿಯೇ ಇದನ್ನು ಹೇಳಿರುವರು. 104ನೆಯ ಕೀರ್ತನೆಯನ್ನು ಓದಿದವರಿಗೆ ಬೆಟ್ಟದ ಆಡು, ಕಣಿವೆಯ ಬುಗ್ಗೆ, ಮರದ ಮೇಲಿನ ಹಕ್ಕಿ ಎಲ್ಲವೂ ಒಂದೇ ಕೈಯ ಊಟವನ್ನು ಉಣ್ಣುವ ಚಿತ್ರ ಕಣ್ಣಿಗೆ ಕಟ್ಟುವುದು. ಯೇಸುಸಭೆಯ ಗುರುಗಳು 1879ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಜೆಪ್ಪು ಗುರುಮಠದಲ್ಲಿ ನಾವು ವಿದ್ಯಾರ್ಥಿಯಾಗಿದ್ದಾಗ, ದೇವರ ಅಸ್ತಿತ್ವಕ್ಕೆ ಸಂತ ಥಾಮಸ್ ಅಕ್ವಿನಾಸರು ನೀಡಿದ ಐದು ಮಾರ್ಗಗಳನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸಿದ್ದುಂಟು. ರಜೆಯಲ್ಲಿ ಗೆಳೆಯರೊಡನೆ ಜಮಾಲಾಬಾದಿನ ಗಡಾಯಿಕಲ್ಲನ್ನು ಹತ್ತಿ, ಕುದುರೆಮುಖದ ಸಾಲು ಬೆಟ್ಟಗಳನ್ನು ನೋಡುತ್ತಾ ನಿಂತು, ಐದನೆಯ ಮಾರ್ಗ ಇದೇ ಎಂದು ಬೆರಳು ತೋರಿಸಿದ್ದೂ ಉಂಟು. ಈ ಘಟ್ಟದ ಬುಡದ ಶಿಲೆಗಳು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯವು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ನೂರು ವರ್ಷ ತುಂಬಿತೆಂದು ನಾವು ದೀಪಾಲಂಕಾರ ಮಾಡುತ್ತಿರುವಾಗ ಈ ಲೆಕ್ಕ ಮನಸ್ಸಿನಲ್ಲಿರುವುದು ಒಳ್ಳೆಯದು. ಒಟ್ಟಿನಲ್ಲಿ ಆ ದಿನಗಳಲ್ಲಿ ನಮಗೆ ಬೆಟ್ಟವೆಂದರೆ ದೇವರ ಇರುವಿಕೆಯ ಸಾಕ್ಷ್ಯಪತ್ರ. ಗಟ್ಟಿ ಕಾಲುಗಳೂ ತುಂಬಿದ ಹೊಟ್ಟೆಯೂ ಇರುವ ಇಪ್ಪತ್ತರ ಯುವಕನಿಗೆ ಇಂತಹ ಸಾಕ್ಷ್ಯ ಬಹಳ ಸುಲಭವಾಗಿ ದೊರೆಯುತ್ತದೆ.

1988ರ ಜುಲೈ ತಿಂಗಳು. ಗುರುದೀಕ್ಷೆಯಾಗಿ ಇನ್ನೂ ವರ್ಷ ಕಳೆದಿತ್ತಷ್ಟೆ. ಘಟ್ಟದ ಮೇಲಿನ ಕಾಫಿ ತೋಟವೊಂದರ ಪ್ರಾರ್ಥನಾಲಯದಲ್ಲಿ ಕೂಲಿಕಾರ ಕ್ರೈಸ್ತರಿಗೆ ಮೂರು ದಿನಗಳ ಧ್ಯಾನಕೂಟವನ್ನು ನಡೆಸಿಕೊಡಬೇಕೆಂದು ಸಹಪಾಠಿ ಗುರುಗಳೊಬ್ಬರು ಕರೆದಿದ್ದರು. ವಿಷಯವನ್ನು ನಾವೇ ಆರಿಸಿಕೊಂಡೆವು: ಸೃಷ್ಟಿಯಲ್ಲಿ ದೇವರ ಮಹಿಮೆ. ಹೊರಗೆ ಬಿಡದೆ ಮಳೆ. ಒಳಗೆ ಒದ್ದೆ ಕಂಬಳಿ ಹೊದ್ದು ಕುಳಿತ ಜನ. ನಾವು ಮಾತ್ರ ಮೂರು ದಿನವೂ ಮೋಡ, ಜಲಪಾತ, ಗಿರಿಶಿಖರಗಳನ್ನು ಕೊಂಡಾಡಿದೆವು. ಆ ಮಳೆಯಲ್ಲಿಯೇ ಸಸಿ ನೆಟ್ಟು, ಕಾಲಿಗೆ ಹತ್ತಿದ ಇಂಬಳವನ್ನು ಕಿತ್ತೆಸೆದು ಬಂದವರಿಗೆ ಮಳೆಯ ಮಹಿಮೆಯನ್ನು ವರ್ಣಿಸುತ್ತಿದ್ದೇವೆಂಬುದು ನಮಗೆ ಹೊಳೆಯಲೇ ಇಲ್ಲ.

ಮೂರನೆಯ ದಿನದ ಸಂಜೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಕೆಳಗಿಳಿಯುವ ಬಸ್ಸನ್ನು ಹತ್ತಿದೆವು. ಅಣ್ಣಪ್ಪ ಸ್ವಾಮಿಯ ಗುಡಿಯ ಮುಂದೆ ಚಾಲಕ ಬಸ್ಸನ್ನು ನಿಲ್ಲಿಸಿ, ಕಾಣಿಕೆ ಹಾಕಿ, ಕೈಮುಗಿದು ಬಂದ. ಘಟ್ಟ ಇಳಿಯುವ ಚಾಲಕರೆಲ್ಲರೂ ಹಾಗೆ ಮಾಡುವರು. ಅಲ್ಲಿಂದ ಕೆಲವು ತಿರುವುಗಳನ್ನು ದಾಟುವಷ್ಟರಲ್ಲಿ ಮುಂದೆ ರಸ್ತೆಗೆ ಅಡ್ಡವಾಗಿ ದೊಡ್ಡದೊಂದು ಮರ ಮಣ್ಣಿನೊಡನೆ ಕುಸಿದು ಬಿದ್ದಿತ್ತು. ಹಿಂದಕ್ಕೆ ಹೋಗೋಣವೆಂದರೆ ಸ್ವಲ್ಪ ಹೊತ್ತಿನಲ್ಲಿ ಹಿಂದಿನ ತಿರುವಿನಲ್ಲಿಯೂ ದರೆ ಜರಿಯಿತು. ಒಂದು ಬದಿ ಗುಡ್ಡ, ಇನ್ನೊಂದು ಬದಿ ಪ್ರಪಾತ, ನಡುವೆ ನಲವತ್ತು ಮಂದಿ. ಕೈಯಲ್ಲಿ ಫೋನು ಹಿಡಿದು ತಿರುಗುವ ಕಾಲ ಅದಲ್ಲ.

ಕತ್ತಲಾದ ಮೇಲೆ ಮಳೆಯ ಸದ್ದಿನ ಒಳಗಿನಿಂದ ಇನ್ನೊಂದು ಸದ್ದು, ನೆಲದೊಳಗೆ ಯಾರೋ ಬಂಡೆ ಉರುಳಿಸಿದಂತೆ, ಆಗಾಗ ಕೇಳಿಸುತ್ತಿತ್ತು. ನಮ್ಮ ಬಿಳಿಯ ನಿಲುವಂಗಿಯನ್ನು ಕಂಡ ತೋಟದ ಹೆಂಗಸೊಬ್ಬಳು, "ಸ್ವಾಮ್ಯೋರೇ, ನೀವು ದೇವರ ಮನುಷ್ಯರು, ಏನಾದರೂ ಹೇಳಿ" ಎಂದಳು. ಮೂರು ದಿನ ಹೇಳಿದವರ ಬಾಯಿ ಅಂದು ಒಣಗಿತ್ತು. ಮೆಲ್ಲಗೆ ಜಪಸರ ಆರಂಭಿಸಿದೆವು. ಮೂರನೆಯ ರಹಸ್ಯದ ಹೊತ್ತಿಗೆ ಆ ಸದ್ದು ಮತ್ತೆ ಕೇಳಿ ಜಪ ನಿಂತುಹೋಯಿತು. ಅದನ್ನು ಮುಂದುವರಿಸಿದವಳು ಆ ಹೆಂಗಸೇ. ಒಣಮೀನು ಮಾರಿ ಊರಿಗೆ ಮರಳುತ್ತಿದ್ದ ಬ್ಯಾರಿ ವ್ಯಾಪಾರಿಯೊಬ್ಬರು ತಮ್ಮ ಕಂಬಳಿಯನ್ನು ಎಳೆಗೂಸಿನ ತಾಯಿಗೆ ಕೊಟ್ಟು ತಾವು ಗೋಣಿ ಹೊದ್ದರು. ಚಾಲಕ ಅರ್ಧ ಗಂಟೆಗೊಮ್ಮೆ, ಯಾರೂ ಹೇಳದಿದ್ದರೂ, ಟಾರ್ಚು ಹಿಡಿದು ಇಳಿದು ಹೋಗಿ ಮೇಲಿನ ದರೆಯನ್ನು ನೋಡಿ ಬರುತ್ತಿದ್ದ. ನಮಗಂತೂ ಆ ರಾತ್ರಿ ಭಯವೊಂದೇ ಇತ್ತು. ಸೃಷ್ಟಿಕರ್ತರ ಮಹಿಮೆ ಎಲ್ಲಿಯೂ ಕಾಣಲಿಲ್ಲ. ಇದನ್ನು ಒಪ್ಪಿಕೊಳ್ಳಲು ನಮಗೆ ಅನೇಕ ವರ್ಷಗಳು ಬೇಕಾದವು.

ಬೆಳಗಿನ ಜಾವ ಮಳೆ ನಿಂತಿತು. ಎಲೆಗಳಿಂದ ಹನಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆ ನಿಶ್ಶಬ್ದದಲ್ಲಿ ಕಣಿವೆಯ ಕೆಳಗೆಲ್ಲೋ ಒಂದು ಹಕ್ಕಿ, ಶಾಲೆಗೆ ಹೋಗುವ ಹುಡುಗ ದಾರಿಯಲ್ಲಿ ಸಿಳ್ಳೆ ಹಾಕಿದಂತೆ, ಗುರಿಯಿಲ್ಲದ ರಾಗವೊಂದನ್ನು ಎಳೆಯಿತು. ಘಟ್ಟದವರಿಗೆ ಅದು ಪರಿಚಿತ ಹಕ್ಕಿ. ಬೆಳಕು ಹರಿಯುವ ಮೊದಲೇ ಹಾಡುತ್ತದೆ. ಬಸ್ಸಿನಲ್ಲಿದ್ದವರೆಲ್ಲ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು, ಯಾರೂ ಮಾತನಾಡಲಿಲ್ಲ. ಬೆಳಗಾದ ಮೇಲೆ ತೋಟದ ಆಳುಗಳು ಕೊಡಲಿ ಹಿಡಿದು ಬಂದರು. ನಾವು ಕೆಸರಿನಲ್ಲಿ ನಡೆದೇ ಘಟ್ಟವನ್ನು ಇಳಿದೆವು.

ಪ್ರವಾದಿ ಎಲೀಯನ ಕಥೆ ತಮಗೆಲ್ಲ ತಿಳಿದಿದೆ. ಅರಸರ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ, ಪ್ರಾಣಭಯದಿಂದ ಓಡಿದ ಎಲೀಯ ಹೋರೇಬ್ ಬೆಟ್ಟದ ಗುಹೆಯನ್ನು ಸೇರುತ್ತಾನೆ. ಬಂಡೆಗಳನ್ನು ಸೀಳುವ ಗಾಳಿ, ಬಳಿಕ ಭೂಕಂಪ, ಬಳಿಕ ಬೆಂಕಿ; ಇವುಗಳಲ್ಲಿ ಸರ್ವೇಶ್ವರರು ಇರಲಿಲ್ಲವೆಂದು ಗ್ರಂಥವು ಮೂರು ಬಾರಿಯೂ ಎಚ್ಚರಿಕೆಯಿಂದ ಹೇಳುತ್ತದೆ. ಕೊನೆಯಲ್ಲಿ ಬಂದ ಮೆಲುದನಿಯನ್ನು ಕೇಳಿ ಎಲೀಯನು ಮುಖ ಮುಚ್ಚಿಕೊಂಡನು. ನಾವು ಪ್ರಬೋಧನೆಯಲ್ಲಿ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತೇವೆ. ಆದರೆ ಆ ದನಿಯು ಎಲೀಯನನ್ನು ಹೊಗಳಲೂ ಇಲ್ಲ, ಬೆಟ್ಟದ ಮೇಲೆಯೇ ಉಳಿಯಲು ಹೇಳಲೂ ಇಲ್ಲ. ಇಲ್ಲಿ ನಿನಗೇನು ಕೆಲಸವೆಂದು ಕೇಳಿ, ಬಂದ ದಾರಿಯಲ್ಲಿಯೇ ಹಿಂತಿರುಗಿಸಿ, ಊರುಗಳಲ್ಲಿ ಮಾಡಬೇಕಾದ ಮೂರು ಕೆಲಸಗಳನ್ನು ಒಪ್ಪಿಸಿತು. 1988ರ ಆ ಬೆಳಗಿನ ಬಳಿಕ ಈ ಅಧ್ಯಾಯವನ್ನು ನಾವು ಬೇರೆ ರೀತಿಯಲ್ಲಿ ಓದತೊಡಗಿದೆವು.

ಬೆಟ್ಟ ನೋಡುವ ಚಟದ ಬಗ್ಗೆ ಹಿರಿಯರು ಎಚ್ಚರಿಸಿದ್ದೂ ಉಂಟು. ಇಟಲಿಯ ಕವಿ ಪೆಟ್ರಾರ್ಕ 1336ರಲ್ಲಿ ತನ್ನ ತಮ್ಮನೊಡನೆ ಫ್ರಾನ್ಸಿನ ವೆಂತೂ ಪರ್ವತವನ್ನು ಹತ್ತಿದನೆಂದೂ, ಶಿಖರದಲ್ಲಿ ನಿಂತು ಸುತ್ತಣ ದೃಶ್ಯವನ್ನು ಸವಿದು, ಜೊತೆಗೆ ತಂದಿದ್ದ ಸಂತ ಅಗಸ್ಟೀನರ ಆತ್ಮನಿವೇದನೆಯ ಗ್ರಂಥವನ್ನು ತೆರೆದನೆಂದೂ ಅವನೇ ಬರೆದಿರುವನು. ಕಣ್ಣಿಗೆ ಬಿದ್ದುದು ಹತ್ತನೆಯ ಭಾಗದ ಒಂದು ಮಾತು: ಜನರು ಬೆಟ್ಟಗಳನ್ನೂ ಕಡಲನ್ನೂ ನಕ್ಷತ್ರಗಳನ್ನೂ ನೋಡಿ ಬೆರಗಾಗಲು ಹೋಗುವರು, ತಮ್ಮೊಳಗನ್ನು ಮಾತ್ರ ನೋಡದೆ ಬಿಡುವರು ಎಂಬ ಅರ್ಥದ್ದು. ಕವಿ ನಾಚಿ, ಬೆಟ್ಟ ಇಳಿಯುವವರೆಗೂ ಮಾತನಾಡಲಿಲ್ಲವಂತೆ. ನಮ್ಮ ಯುವಕರಿಗೆ ಒಂದು ಮಾತು: ನಾಳೆ ಪ್ರತಿಯೊಂದು ತಿರುವಿನಲ್ಲಿಯೂ ಬಸ್ಸು ನಿಲ್ಲಿಸಿ ಕಣಿವೆಗೆ ಬೆನ್ನು ಹಾಕಿ ತಮ್ಮ ಮುಖದ ಚಿತ್ರವನ್ನೇ ತೆಗೆದುಕೊಳ್ಳುವುದಾದರೆ, ಅಗಸ್ಟೀನರು ಹೇಳಿದ ಎರಡು ಕೆಲಸಗಳಲ್ಲಿ ಒಂದೂ ಆಗಲಿಲ್ಲವೆಂದಾಯಿತು.

ಬೆಟ್ಟಗಳನ್ನು ಪ್ರೀತಿಸಿದ ಗುರುಗಳು ನಮ್ಮಲ್ಲಿ ಅನೇಕರಿದ್ದರು. ಮುಂದೆ ಹನ್ನೊಂದನೆಯ ಪಿಯುಸ್ ಎಂಬ ಹೆಸರಿನಿಂದ ಜಗದ್ಗುರುಗಳಾದ ಅಕಿಲೆ ರಾತ್ತಿಯವರು ಮಿಲಾನಿನ ಗ್ರಂಥಪಾಲಕ ಗುರುವಾಗಿದ್ದಾಗ, 1889ರಲ್ಲಿ ಆಲ್ಪ್ಸ್ ಪರ್ವತಶ್ರೇಣಿಯ ಮೊಂತೆ ರೋಜವನ್ನು ಅದರ ಕಡಿದಾದ ಪೂರ್ವ ಮಗ್ಗುಲಿನಿಂದ ಹತ್ತಿ, ಶಿಖರದ ಸಮೀಪದ ಬಂಡೆಯ ಅಂಚಿನಲ್ಲಿ ಹಿಮದ ರಾತ್ರಿಯೊಂದನ್ನು ಕಳೆದಿದ್ದರು. 1923ರಲ್ಲಿ ಅವರು ಪರ್ವತಾರೋಹಿಗಳಿಗೆ ಪಾಲಕರನ್ನಾಗಿ ಘೋಷಿಸಿದುದು ಯಾರನ್ನು ಗೊತ್ತೇ? ಶಿಖರಗಳನ್ನು ಗೆದ್ದ ಸಾಹಸಿಗಳನ್ನಲ್ಲ. ಸುಮಾರು 2,470 ಮೀಟರ್ ಎತ್ತರದ ಕಣಿವೆದಾರಿಯಲ್ಲಿ, ಹಿಮದಲ್ಲಿ ಸಿಕ್ಕಿಬಿದ್ದ ದಾರಿಹೋಕರಿಗಾಗಿ ಆಶ್ರಯಗೃಹ ಕಟ್ಟಿಸಿದ ಸಂತ ಬರ್ನಾರ್ಡರನ್ನು.

ನಮ್ಮ ದೇಶದ ಉದಾಹರಣೆಯೂ ಇದೆ. ಯೇಸುಸಭೆಯ ಗುರು ಅಂತೋನಿಯೊ ದೆ ಅಂದ್ರಾದೆಯವರು 1624ರ ಮಾರ್ಚಿನಲ್ಲಿ ಆಗ್ರಾದಿಂದ ಹೊರಟು, ಬದರಿನಾಥಕ್ಕೆ ಸಾಗುತ್ತಿದ್ದ ಹಿಂದೂ ಯಾತ್ರಿಕರ ತಂಡವನ್ನು ಕೂಡಿಕೊಂಡು ಹಿಮಾಲಯವನ್ನು ಹತ್ತಿದರು. ಐದು ಸಾವಿರ ಮೀಟರಿಗೂ ಎತ್ತರದ ಮಾಣಾ ಕಣಿವೆಯಲ್ಲಿ ಹಿಮದ ಹೊಳಪಿಗೆ ಅವರ ಕಣ್ಣು ಮಂಜಾಯಿತು. ಜಗತ್ತಿನ ಅತಿ ಭವ್ಯ ದೃಶ್ಯದ ನಡುವೆ ಅವರಿಗೆ ಏನೂ ಕಾಣಿಸಲಿಲ್ಲ. ಹಿಂತಿರುಗಿ, ಮತ್ತೆ ಹತ್ತಿ, ಆಗಸ್ಟಿನಲ್ಲಿ ಟಿಬೆಟಿನ ಛಪರಂಗವನ್ನು ಸೇರಿದರು. ಮಹಿಮೆ ಕಂಡುದರಿಂದ ಅವರು ಮತ್ತೆ ಹತ್ತಲಿಲ್ಲ. ಆಚೆ ಬದಿಯಲ್ಲಿ ಜನರಿದ್ದಾರೆಂಬ ನಂಬಿಕೆಯಿಂದ ಹತ್ತಿದರು.

ಇನ್ನು ನಮ್ಮ ಪೂರ್ವಜರ ವಿಚಾರ. 1784ರಲ್ಲಿ, ತಪಸ್ಸುಕಾಲದ ಆರಂಭದ ವಿಭೂತಿ ಬುಧವಾರದಂದು ಹಿಡಿಯಲ್ಪಟ್ಟರೆಂಬುದು ನಮ್ಮ ಮನೆಮನೆಗಳಲ್ಲಿ ಉಳಿದುಬಂದ ನೆನಪು. ಇಂಗ್ಲಿಷರ ಪಕ್ಷ ವಹಿಸಿದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನನು ಕರಾವಳಿಯ ಕೆಥೋಲಿಕರನ್ನು ಹಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಇದನ್ನು ಇಂದು ಯಾರ ಮೇಲೂ ಕಹಿ ಬಿತ್ತುವುದಕ್ಕಾಗಿ ಹೇಳುತ್ತಿಲ್ಲ; ತಮ್ಮ ಕಂಬಳಿಯನ್ನು ಕೊಟ್ಟ ಆ ಬ್ಯಾರಿ ವ್ಯಾಪಾರಿಯ ಮುಖ ನಮ್ಮ ಕಣ್ಣ ಮುಂದಿದೆ. ಹೇಳತಕ್ಕದ್ದು ಇಷ್ಟೆ: ನಾಳೆ ತಾವು ಕಿಟಕಿಯಿಂದ ನೋಡಿ ಆನಂದಪಡುವ ಇದೇ ಗಿರಿಶ್ರೇಣಿಯನ್ನು ಅವರು ಕಾಲ್ನಡಿಗೆಯಲ್ಲಿ, ಮಕ್ಕಳನ್ನು ಸೊಂಟದ ಮೇಲೆ ಹೊತ್ತು ಹತ್ತಿದರು. ಅವರಲ್ಲಿ ಯಾರಿಗಾದರೂ ದೃಶ್ಯ ಸುಂದರವಾಗಿ ಕಂಡಿದ್ದೀತೇ? ಹಿಂತಿರುಗಿ ನೋಡಿದವರಿಗೆ ಕರಾವಳಿಯ ಗದ್ದೆ ತೋಟಗಳು ಮರೆಯಾಗುವುದಷ್ಟೇ ಕಂಡಿರಬೇಕು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಅನೇಕರು. ಊರಿನಲ್ಲಿ ದೇವಾಲಯಗಳು ಬಹುಪಾಲು ನೆಲಸಮವಾಗಿದ್ದವು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಬದುಕುಳಿದವರು ಅದೇ ಘಟ್ಟಗಳನ್ನು ಇಳಿದು ಬಂದರು. ಬಂದು, ಅಜ್ಜಿಯರ ಬಾಯಿಯಲ್ಲಿ ಉಳಿದಿದ್ದ ಪ್ರಾರ್ಥನೆಗಳಿಂದಲೇ ಮತ್ತೆ ಧರ್ಮಸಭೆಯನ್ನು ಕಟ್ಟಿದರು. ಅಲ್ಲಿಯೇ ಉಳಿದವರನ್ನು ಒಟ್ಟುಗೂಡಿಸಲು ಫ್ರಾನ್ಸಿನ ಗುರು ಅಬ್ಬೆ ದ್ಯುಬುವಾ ಅವರು ಶ್ರೀರಂಗಪಟ್ಟಣಕ್ಕೆ ಬಂದರು. ನಾಳೆ ನಮ್ಮ ಪೂಜೆ ನಡೆಯುವುದು ಅವರ ನೆನಪು ಉಳಿದಿರುವ ದೇವಾಲಯದಲ್ಲಿಯೇ.

ಈಗ, ಹೇಳಲು ನಮಗೆ ಸುಲಭವಲ್ಲದ ಮಾತು.

ನಾವು ಈ ಧರ್ಮಕೇಂದ್ರದ ಹೊಣೆಯನ್ನು ವಹಿಸಿಕೊಂಡದ್ದು 2019ರ ಜೂನಿನಲ್ಲಿ. ಆ ಆಗಸ್ಟ್ 6ರಂದು, ಯೇಸುಸ್ವಾಮಿಯ ರೂಪಾಂತರದ ಹಬ್ಬದ ಪೂಜೆಯಲ್ಲಿ, ಬೆಟ್ಟಗಳ ಮೇಲೆ ದೇವರು ಮನುಷ್ಯನಿಗೆ ಹತ್ತಿರವಾಗುವ ರೀತಿಯನ್ನು ಕುರಿತು ಪ್ರಬೋಧನೆ ಮಾಡಿದೆವು. ಸೀನಾಯಿ, ಹೋರೇಬ್, ತಾಬೋರ್ ಎಲ್ಲವೂ ಬಂದವು. ಕೊನೆಯಲ್ಲಿ ಕೈಯೆತ್ತಿ, ನಮ್ಮ ದೇವಾಲಯದ ಬಾಗಿಲಿನಿಂದ ಕಾಣುವ ಈ ಘಟ್ಟವನ್ನು ತೋರಿಸಿ, ಪ್ರತಿದಿನ ಇದನ್ನು ನೋಡುವ ನೀವು ಭಾಗ್ಯವಂತರು ಎಂದೆವು. ಆ ವಾರ ಮುಗಿಯುವುದರೊಳಗೆ ಘಟ್ಟ ಹಲವೆಡೆ ಕುಸಿಯಿತು. ಚಾರ್ಮಾಡಿ ರಸ್ತೆ ಮುಚ್ಚಿತು. ಮೃತ್ಯುಂಜಯ ಹೊಳೆ ಮರದ ದಿಮ್ಮಿಗಳನ್ನೂ ಮರಳನ್ನೂ ಹೊತ್ತು ತೋಟಗಳ ಮೇಲೆ ಹರಿಯಿತು. ಆ ದಿನಗಳನ್ನು ತಮಗೆ ನಾವು ವಿವರಿಸಬೇಕಾಗಿಲ್ಲ.

ಮೂರನೆಯ ದಿನ ವಾಳೆಯ ಗುರಿಕಾರರೊಡನೆ ನಮ್ಮ ಕುಟುಂಬವೊಂದರ ಮನೆಗೆ ಹೋದೆವು. ಮನೆ ಉಳಿದಿತ್ತು. ತಂದೆಯ ಕಾಲದಲ್ಲಿ ಮಾಡಿದ ಅಡಿಕೆ ತೋಟ ಇರಲಿಲ್ಲ. ಮರಳಿನ ಮೇಲೆ ಅಲ್ಲಲ್ಲಿ ಅಡಿಕೆ ಮರದ ತಲೆಗಳು ಮಾತ್ರ ಕಾಣುತ್ತಿದ್ದವು. ಮನೆಯ ಯಜಮಾನರು ನಮ್ಮನ್ನು ನೋಡಿ, "ಮೊನ್ನೆ ನೀವು ಬೆಟ್ಟ ತೋರಿಸಿದಿರಲ್ಲ ಫಾದರ್, ಅದು ಇಲ್ಲಿಗೇ ಬಂದಿದೆ ನೋಡಿ" ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ಉತ್ತರಿಸುವುದು ಸುಲಭವಾಗುತ್ತಿತ್ತು.

ನಾವು ಯೋಬನ ಹೆಸರು ಎತ್ತಿದೆವು. ಸುಂಟರಗಾಳಿಯ ನಡುವಿನಿಂದ ದೇವರು ಯೋಬನಿಗೆ ಕಾರಣ ಹೇಳಲಿಲ್ಲ, ಬೆಟ್ಟದ ಮೇಕೆಯನ್ನೂ ನಕ್ಷತ್ರಗಳನ್ನೂ ತೋರಿಸಿದರು ಎಂದೆವು. ಅವರು ತಾಳ್ಮೆಯಿಂದ ಕೇಳಿ, "ಯೋಬನಿಗೆ ಕಡೆಗೆ ಎಲ್ಲವೂ ಎರಡು ಪಾಲು ಸಿಕ್ಕಿತಲ್ಲ ಫಾದರ್. ನಮಗೆ ಯಾವ ಕಚೇರಿಯಲ್ಲಿ ಅರ್ಜಿ ಕೊಡಬೇಕೆಂದೇ ಗೊತ್ತಿಲ್ಲ" ಎಂದರು. ಅಲ್ಲಿಗೆ ನಮ್ಮ ದೈವಶಾಸ್ತ್ರ ಮುಗಿಯಿತು. ಮುಂದಿನ ಅನೇಕ ಭಾನುವಾರಗಳು ಅವರು ಪೂಜೆಗೆ ಬರಲಿಲ್ಲ. ನಾವು ಕೇಳಲೂ ಇಲ್ಲ.

ಗುಡ್ಡ ಕುಸಿಯುವುದರಲ್ಲಿ ಮನುಷ್ಯನ ಪಾಲೆಷ್ಟು ಎಂಬುದನ್ನೂ ಇಲ್ಲಿ ಹೇಳದೆ ಹೋದರೆ ಅಪ್ರಾಮಾಣಿಕವಾದೀತು. ಘಟ್ಟದ ಕಾಡನ್ನು ಕಡಿದು, ದರೆಯನ್ನು ಕಡಿದಾಗಿ ಕತ್ತರಿಸಿ, ನೀರಿನ ಸಹಜ ದಾರಿಯನ್ನು ಮುಚ್ಚಿದರೆ ಮಣ್ಣು ನೀರು ಕುಡಿದು ಜಾರುತ್ತದೆ; ಇದಕ್ಕೆ ಪ್ರವಾದಿ ಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಕೊಡಗು, 2024ರ ಜುಲೈನಲ್ಲಿ ಶಿರೂರು, ಅದೇ ತಿಂಗಳ 30ರಂದು 200ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ವಯನಾಡಿನ ದುರಂತ; ಇವುಗಳಲ್ಲಿ ಮಳೆಯ ಪಾಲು ಇದೆ, ನಮ್ಮ ಪಾಲೂ ಇದೆ. ಮಾಧವ ಗಾಡ್ಗೀಳರ ಸಮಿತಿಯು 2011ರಲ್ಲಿಯೇ ವರದಿ ಕೊಟ್ಟಾಗ ಘಟ್ಟದ ರೈತರು ಹೆದರಿದರು. ಅವರ ಹೆದರಿಕೆಯನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು. ಆದರೆ ನೆರೆಯ ಕೇರಳದಲ್ಲಿ ನಮ್ಮ ಧರ್ಮಗುರುಗಳೇ ಕೆಲವರು ವಿರೋಧದ ಮುಂದಾಳುಗಳಾದುದು ನಮಗೆ ಇಂದಿಗೂ ಹಿತವೆನಿಸಿಲ್ಲ. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಭೂಮಿಯ ಪಾಲನೆಯನ್ನು ಕುರಿತು ವಿಶ್ವಪತ್ರವನ್ನು ಹೊರಡಿಸಿದರು. ಅದನ್ನು ನಮ್ಮ ಗ್ರಂಥಾಲಯದಲ್ಲಿ ಇಟ್ಟಿದ್ದೇವೆ. ಪುಟಗಳು ಇನ್ನೂ ಹೊಸದಾಗಿಯೇ ಇವೆ. ಇರಲಿ.

ಆ ಸೆಪ್ಟೆಂಬರಿನಲ್ಲಿ ಮರಳು ತೆಗೆಯುವ ಕೆಲಸ ಆರಂಭವಾಯಿತು. ನಮ್ಮ ಯುವಕ ಸಂಘದವರು, ನೆರೆಯ ಭಜನಾ ಮಂಡಳಿಯವರು, ಮಸೀದಿಯ ಹುಡುಗರು, ಊರಿನ ಹೊರಗಿನಿಂದ ಹೆಸರೂ ಹೇಳದೆ ಬಂದವರು, ಹಾರೆ ಬುಟ್ಟಿ ಹಿಡಿದು ಭಾನುವಾರಗಳನ್ನು ಅಲ್ಲಿ ಕಳೆದರು. ನಾವೂ ಬುಟ್ಟಿ ಹೊತ್ತೆವು; ಅರುವತ್ತರ ಹತ್ತಿರದ ಬೆನ್ನಿಗೆ ಅದರ ಪರಿಣಾಮ ಏನಾಯಿತೆಂಬುದನ್ನು ನಮ್ಮ ಅಡುಗೆಯವರು ಬಲ್ಲರು. ಒಂದು ಮಧ್ಯಾಹ್ನ ಗಂಜಿ ಕುಡಿಯುವಾಗ ಆ ಯಜಮಾನರು ನಮ್ಮ ಬಳಿ ಬಂದು ಕುಳಿತು, "ನನಗೆ ನಂಬಿಕೆ ಉಂಟೋ ಇಲ್ಲವೋ ಗೊತ್ತಿಲ್ಲ ಫಾದರ್. ಸ್ವಲ್ಪ ಉಂಟು ಅಂತ ಕಾಣುತ್ತದೆ. ಉಳಿದದ್ದಕ್ಕೆ ನೀವೇ ಪ್ರಾರ್ಥನೆ ಮಾಡಿ" ಎಂದರು.

ಆ ರಾತ್ರಿ ನಾವು ಸಂತ ಮಾರ್ಕರ ಶುಭಸಂದೇಶದ 9ನೆಯ ಅಧ್ಯಾಯವನ್ನು ತೆರೆದು, ಆಗಸ್ಟ್ 6ರಂದು ನಾವು ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಂದ ಮುಂದೆ ಓದಿದೆವು. ಬೆಟ್ಟದ ಮೇಲೆ ಪ್ರಭುವಿನ ಉಡುಪು ಹೊಳೆಯಿತು. ಪೇತ್ರನಿಗೆ ಅಲ್ಲಿಯೇ ಮೂರು ಗುಡಾರ ಹಾಕುವ ಆಸೆ. ಏನು ಮಾತನಾಡಬೇಕೆಂದು ತಿಳಿಯದೆ ಹಾಗೆ ಅಂದನೆಂದು ಶುಭಸಂದೇಶಕಾರರೇ ಹೇಳಿಬಿಟ್ಟಿದ್ದಾರೆ. ಪ್ರಭು ಅವರನ್ನು ಕೆಳಕ್ಕೆ ಕರೆತಂದರು. ಬೆಟ್ಟದ ಬುಡದಲ್ಲಿ ಒಂದು ಗದ್ದಲ. ಗದ್ದಲದ ನಡುವೆ, ಮೂರ್ಛೆಯಿಂದ ಬೆಂಕಿಗೂ ನೀರಿಗೂ ಬೀಳುವ ಮಗನನ್ನು ಹಿಡಿದುಕೊಂಡ ಒಬ್ಬ ತಂದೆ. ಅವನು ಬೆಟ್ಟ ಹತ್ತಿದವನಲ್ಲ, ಆ ಹೊಳಪನ್ನು ಕಂಡವನಲ್ಲ. ಅವನಿಗೆ ಗೊತ್ತಿದ್ದುದು ಮಗನ ಸಂಕಟ ಮತ್ತು ತನ್ನಲ್ಲಿರುವುದು ಅರೆನಂಬಿಕೆ ಎಂಬುದು. ಅದನ್ನೇ ಅವನು ಕೂಗಿ ಹೇಳಿದ. ನಂಬುತ್ತೇನೆಂದೂ, ನಂಬಲಾರದ ತನಗೆ ನೆರವಾಗಬೇಕೆಂದೂ ಒಂದೇ ಉಸಿರಿನಲ್ಲಿ. ಪ್ರಭುವಿಗೆ ಅಷ್ಟು ಸಾಕಾಯಿತು. ಮೂವತ್ತು ವರ್ಷಗಳ ಕಾಲ ಪ್ರತಿ ಆಗಸ್ಟಿನಲ್ಲಿಯೂ ನಾವು ಶಿಖರದ ಮೇಲೆಯೇ ಪ್ರಬೋಧನೆಯನ್ನು ಮುಗಿಸಿ, ಬುಡದಲ್ಲಿ ನಿಂತಿದ್ದ ಈ ಮನುಷ್ಯನನ್ನು ಬಿಟ್ಟುಬಿಟ್ಟಿದ್ದೆವು. ನಮ್ಮ ದೇವಾಲಯ ಇರುವುದಾದರೋ ಘಟ್ಟದ ಬುಡದಲ್ಲಿ.

ಹಾಗೆಂದು ಬೆಟ್ಟದಿಂದ ಏನೂ ಪ್ರಯೋಜನವಿಲ್ಲವೆಂದು ತಿಳಿಯಬೇಡಿ. ಹೊಳೆಯುವ ಮುಖವನ್ನು ಒಮ್ಮ ಕಂಡಿದ್ದುದರಿಂದಲೇ ಆ ಮೂವರು ಶಿಷ್ಯರು ಮುಂದೆ ಗೆತ್ಸೆಮನಿಯ ರಾತ್ರಿಯನ್ನೂ ಹೇಗೋ ದಾಟಿ ಬಂದರು. ನಾಳೆ ಕಣಿವೆಯಿಂದ ಮಂಜು ಏಳುವುದನ್ನೂ ಬಂಡೆಗಳ ಮೇಲಿನಿಂದ ನೀರು ಬೀಳುವುದನ್ನೂ ಮನಸಾರೆ ನೋಡಿ. ಮಕ್ಕಳಿಗೆ ತೋರಿಸಿ. ನಾವು ಇಲ್ಲಿ ಕುಡಿಯುವ ನೀರು, ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದ ಪಕ್ಕದಲ್ಲಿ ಹರಿದು ಮಂಗಳೂರಿನಲ್ಲಿ ಕಡಲನ್ನು ಸೇರುವ ನೇತ್ರಾವತಿಯ ನೀರು, ಈ ಘಟ್ಟಗಳದೇ ಎಂಬುದನ್ನು ಹೇಳಿಕೊಡಿ. ಮೊಂತೆ ಎಂದರೆ ಬೆಟ್ಟ. ಸೆಪ್ಟೆಂಬರ್ 8ರಂದು ಮಕ್ಕಳು ಬುಟ್ಟಿ ತುಂಬ ಹೂವು ತಂದು ದೇವಮಾತೆಗೆ ಎರಚುವ, ನಾವು ಹೊಸ ಅಕ್ಕಿಯ ಊಟ ಮಾಡುವ ಮೊಂತಿ ಹಬ್ಬದ ಹೆಸರಿನಲ್ಲಿಯೂ ಆ ಬೆಟ್ಟವೇ ಇದೆ. ಆ ಹಬ್ಬವನ್ನು ಅಲ್ಲಿ 1763ರಲ್ಲಿ ಗೋವೆಯ ಗುರು ಜೋಕಿಂ ಮಿರಾಂದರು ಆರಂಭಿಸಿದರೆಂದು ಹಿರಿಯರು ಹೇಳುವರು. 2019ರ ಆ ಮೊಂತಿ ಹಬ್ಬದಂದು ಮಕ್ಕಳಿಗೆ ತೋಟಗಳಲ್ಲಿ ಹೂವು ಸಿಗಲಿಲ್ಲ. ಘಟ್ಟದ ಬದಿಯ ಪೊದೆಗಳಿಂದ ಕಾಡುಹೂವು ಕೊಯ್ದು ತಂದರು. ಕುಸಿದ ಗುಡ್ಡದ ಪಕ್ಕದಲ್ಲಿಯೇ ಅವು ಅರಳಿದ್ದವು.

ನಾಳೆಯ ವ್ಯವಸ್ಥೆಯನ್ನು ಹೇಳಿ ಮುಗಿಸುವೆವು. ಈ ಕಥೆಯನ್ನು ಹೇಳಲು ಆ ಯಜಮಾನರ ಒಪ್ಪಿಗೆಯನ್ನು ಪಡೆದಿದ್ದೇವೆ. 2019ರ ಬಳಿಕ ಅವರು ಘಟ್ಟದ ರಸ್ತೆಯಲ್ಲಿ ಪ್ರಯಾಣ ಮಾಡಿಲ್ಲ. ನಾಳೆ ಬರುವುದಾಗಿ ನಿನ್ನೆ ರಾತ್ರಿ ಹೇಳಿ ಕಳುಹಿಸಿದರು. ಮೊದಲನೆಯ ಬಸ್ಸಿನಲ್ಲಿ ಚಾಲಕನ ಹಿಂದಿನ ಸೀಟನ್ನು ಅವರಿಗಾಗಿ ಬಿಡಬೇಕು. ಪಕ್ಕದಲ್ಲಿ ನಾವು ಕುಳಿತುಕೊಳ್ಳುವೆವು. ರಸ್ತೆ ಕುಸಿದಿದ್ದ ಜಾಗ ಬಂದಾಗ ಮೂರೂ ಬಸ್ಸುಗಳಲ್ಲಿ ಜಪಸರವನ್ನು ಆರಂಭಿಸತಕ್ಕದ್ದು. ಮೂರನೆಯ ರಹಸ್ಯದಲ್ಲಿ ನಮ್ಮ ದನಿ ನಿಂತುಹೋದರೆ ತಾವು ಯಾರಾದರೂ ಮುಂದುವರಿಸಬೇಕು. ಬೆಳಗಿನ ಉಪಾಹಾರ ಕೊಟ್ಟಿಗೆಹಾರದಲ್ಲಿ. ಘಟ್ಟದ ಮೇಲೆ ಚಳಿ ಇರುವುದರಿಂದ ಹಿರಿಯರು ಹೊದಿಕೆ ತರಬೇಕು. ವಾಂತಿಯಾಗುವವರು ಬಸ್ಸು ಹೊರಡುವ ಅರ್ಧ ಗಂಟೆ ಮೊದಲೇ ಮಾತ್ರೆ ತೆಗೆದುಕೊಳ್ಳಬೇಕು. ಹತ್ತಿದ ಮೇಲೆ ತೆಗೆದುಕೊಂಡರೆ ಫಲವಿಲ್ಲ. ಪ್ರಾರ್ಥನೆ ನಾಲ್ಕೂವರೆಗೆ, ಬಸ್ಸು ಐದು ಗಂಟೆಗೆ ಸರಿಯಾಗಿ ಹೊರಡುವುದು.